ಸೂಜಿ ಚುಚ್ಚಿಸ್ರಿ, ಗುಳಿಗಿ ಬಿಡಬ್ಯಾಡ್ರಿ

ಮೊನ್ನಿ ಸೋಮಾರ ಔರಾದದಿಂದ ವೈನಿ ಫೋನ್ ಮಾಡಿದ್ರು. ಅಣ್ಣಗ ಲಕ್ವಾ ಹೊಡದು ಎರಡು ತಿಂಗಳಾಯ್ತು, ಎಡಗೈ ಇನ್ನಾ ಮ್ಯಾಲ ಏಳವಲ್ದು. "ಇಲ್ಲಿ ಒಬ್ಬಾಂವ ಸೂಜಿ ಚುಚ್ಚತಾನ. ಹದಿನೈದು ದಿನದಾಗ ಕೈ ಎತ್ತಸ್ತೀನಿ, ಆದ್ರ ಅಲ್ಲಿತನಕ ಬಿಪಿ ಗುಳಿಗಿ ಬಂದ್ ಮಾಡ್ರಿ ಅಂದಾನ. ಏನ್ ಮಾಡ್ಲಿ, ನೀನೇ ಹೇಳವಾ" ಅಂದ್ರು.

ಗುಳಿಗಿ ಒಂದಿನಾನೂ ಬಿಡಬ್ಯಾಡ್ರಿ ಅಂತ ಆಗಲೇ ಹೇಳಿದೆ. ಆದ್ರ ಸೂಜಿ ಬ್ಯಾಡೇ ಬ್ಯಾಡ ಅನ್ನಲಿಕ್ಕ ನನಗ ಬಾಯಿಲ್ಲ. ನಮ್ಮ ಭಾಲ್ಕಿ ಅಕ್ಕಗ ನಾನೇ ಕರಕೊಂಡು ಹೋಗಿ ಚುಚ್ಚಿಸೀನಿ.

ಅಕ್ಕಗ ಲಕ್ವಾ ಹೊಡದದ್ದು ಎಳ್ಳ ಅಮಾಸಿ ಮರುದಿನ. ಮುಂಜಾನಿ ಚಹಾದ ಕಪ್ ಕೈಯಾಗಿಂದ ಜಾರಿತು, ಬಾಯಿ ಸೊಟ್ಟ ಆಯ್ತು, ಮಾತು ತೊದಲಿತು. ನಿನ್ನಿ ಹೊಲದಾಗ ಭಜ್ಜಿ ಜಾಸ್ತಿ ಉಂಡಾಳ, ಗ್ಯಾಸ್ ಆಗ್ಯದ ಅಂತ ಮಲಗಿಸಿದ್ರು. ಒಬ್ಬರು ಪಾರಿವಾಳದ ರಕ್ತ ಹಚ್ಚರಿ ಅಂದ್ರು, ಪಾರಿವಾಳ ಹುಡುಕೂದರಾಗ ಮಧ್ಯಾಹ್ನ ಆಯ್ತು. ಬೀದರಕ್ಕ ತಂದಾಗ ಸಂಜಿ ದೀಪ ಹಚ್ಚೋ ಹೊತ್ತು. ಮಿದುಳಿನ ನಾಳದಾಗ ರಕ್ತ ಹೆಪ್ಪುಗಟ್ಟಿದ್ರ ಅದನ್ನ ಕರಗಿಸೋ ಇಂಜೆಕ್ಷನ್ ನಾಲ್ಕೂವರಿ ತಾಸಿನೊಳಗ ಕೊಡಬೇಕು. ಭಾಲ್ಕಿಯಿಂದ ಬೀದರ ಸುಮಾರು 40 ಕಿಲೋಮೀಟರ್. ದಾರಿ ದೂರ ಇದ್ದಿಲ್ಲ, ನಾವೇ ತಡ ಮಾಡಿದ್ವಿ. 108ಕ್ಕ ಫೋನ್ ಹಚ್ಚೋ ಬುದ್ಧಿ ಒಬ್ಬರಿಗೂ ಬರಲಿಲ್ಲ.

ದವಾಖಾನಿಯಿಂದ ಮನಿಗೆ ಬಂದ ಮ್ಯಾಲ ಅಕ್ಕಗ ಬಲಗೈಕಿಂತ ಬಲಭುಜದ ನೋವೇ ಭಾಳ ಕಾಡ್ತು. ರಾತ್ರಿ ಹೊಳ್ಳಿದ್ರ ಚೀರತಿದ್ಲು. ವ್ಯಾಯಾಮ ಮಾಡಸಲಿಕ್ಕೇ ಬಿಡವಲ್ಳು. ಅವಾಗ ನರದ ಡಾಕ್ಟರಿಗೆ ಕೇಳಿಕೊಂಡೇ ಅಕ್ಯುಪಂಕ್ಚರ್ ಮಾಡೋ ಒಬ್ಬ ಡಾಕ್ಟರಮ್ಮನ ಕಡಿ ಹೋದ್ವಿ. ಆಕಿ ಮೊದಲು ಗುಳಿಗಿ ಚೀಟಿ ಕೇಳಿದ್ಲು. ರಕ್ತ ತೆಳು ಮಾಡೋ ಗುಳಿಗಿ ಅದಾವೇನು, ಶುಗರ್ ಅದೇನು ಅಂತ ಬರಕೊಂಡು, ನಮ್ಮ ಎದುರೇ ಹೊಸ ಪಾಕೀಟ್ ಒಡದ್ಲು. ಸೂಜಿ ಕೂದಲದಂಗ ತೆಳ್ಳಗ, ಅದರಾಗ ಔಷಧ ಏನೂ ಇರಂಗಿಲ್ಲ. ಹೆಬ್ಬಟ್ಟು-ತೋರಬೆರಳಿನ ನಡು, ಮೊಣಕೈ, ಭುಜ, ಮೊಣಕಾಲ ಕೆಳಗ ಚುಚ್ಚಿ ಅರ್ಧ ತಾಸು ಬಿಟ್ಟಳು. ಎರಡಕ್ಕ ಸಣ್ಣ ಮಷೀನ್ ವೈರ್ ಸಿಗಿಸಿದ್ಲು. "ಇರುವಿ ಹರದಂಗ ಆಗ್ಲತ್ತದ" ಅಂತ ಅಕ್ಕ ನಕ್ಕಳು. ಎಷ್ಟೋ ದಿನದ ಮ್ಯಾಲ ನಕ್ಕಿದ್ಲು ನೋಡ್ರಿ.

ಐದಾರು ಸಲ ಹೋದ ಮ್ಯಾಲ ಭುಜದ ನೋವು ಇಳೀತು, ನಿದ್ದಿ ಹತ್ತಿತು. ಕೈ ಮಾತ್ರ ಸೂಜಿಗೆ ಎದ್ದು ನಿಲ್ಲಲಿಲ್ಲ. ನೋವು ಇಳದದ್ದಕ್ಕ ವ್ಯಾಯಾಮ ಶುರು ಆಯ್ತು. ದಿನಾ ಜ್ವಾಳದ ಹಿಟ್ಟು ನಾದೂದು, ಬಟ್ಟಿ ಕ್ಲಿಪ್ ಒತ್ತೂದು, ಟಾವೆಲ್ ಹಿಂಡೂದು. ಎಂಟು ತಿಂಗಳಿಗೆ ಒಂದು ರೊಟ್ಟಿ ಬಡದ್ಲು, ಭಾರತದ ನಕಾಶೆ ಇದ್ದಂಗಿತ್ತು. ಅಕ್ಕಗ ಕೇಳಿದ್ರ ಸೂಜಿಯಿಂದ ಅಂತಾಳ, ನಾ ಹಿಟ್ಟಿನಿಂದ ಅಂತೀನಿ.

ಮಗಳು ಓದಿ ಹೇಳಿದ್ಲು: ಕಾಕ್ರೇನ್ ಅನ್ನೋ ಸಂಸ್ಥೆಯವರು 2016ರಾಗ 31 ಪ್ರಯೋಗ, 2257 ಲಕ್ವಾ ರೋಗಿಗಳ ಲೆಕ್ಕ ಕೂಡಿಸಿ ನೋಡ್ಯಾರ. ಸ್ವಲ್ಪ ಉಪಯೋಗ ಆಗ್ತದ ಅನಸ್ತದ, ಆದ್ರ ಪ್ರಯೋಗ ಗಟ್ಟಿ ಇಲ್ಲ, ಖಾತ್ರಿ ಹೇಳಲಿಕ್ಕ ಆಗಂಗಿಲ್ಲ ಅಂದಾರ. ನಮ್ಮ ಸರ್ಕಾರ 2019ರಾಗ ಇದಕ್ಕ ಮಾನ್ಯತೆ ಕೊಟ್ಟದ. ಅಂದ ಮಾತ್ರಕ್ಕ ಸೂಜಿ ಹಿಡದವರೆಲ್ಲ ಕಲತವರಲ್ಲ. ನಮ್ಮ ದೇಶಕ್ಕ ಇದನ್ನ ತಂದಾಂವ ಕಲ್ಕತ್ತಾದ ಡಾಕ್ಟರ್ ಬಸು. 1938ರಾಗ ಚೀನಾಕ್ಕ ಹೋದ ಐದು ಡಾಕ್ಟರ್‌ರಾಗ ಒಬ್ಬಾಂವ. ಅದೇ ತಂಡದಾಗ ಸೋಲಾಪುರದ ಕೋಟ್ನೀಸ್ ಇದ್ದ. ನಾವು ಚಾದರ ತರಲಿಕ್ಕ ಹೋಗೋ ಸೋಲಾಪುರ! ಅವರ್ಯಾರೂ ಡಾಕ್ಟರಕಿ ಬಿಟ್ಟು ಸೂಜಿ ಹಿಡದವರಲ್ಲ.

ವೈನಿಗೆ ತಿರುಗಿ ಫೋನ್ ಹಚ್ಚಿ ಇದೆಲ್ಲ ಹೇಳಿದೆ. ಬಿಪಿ ಗುಳಿಗಿ ಬಿಟ್ಟರ ಮತ್ತೊಮ್ಮೆ ಹೊಡೀಬಹುದು, ಎರಡನೇ ಸಲ ಹೊಡದದ್ದು ಭಾಳ ಕೆಟ್ಟ. ಗುಳಿಗಿ ಬಂದ್ ಮಾಡ್ರಿ ಅನ್ನಾಂವನ ಹೊಸ್ತಿಲಾ ತುಳೀಬ್ಯಾಡ್ರಿ ಅಂದೆ. ವೈನಿ ಸ್ವಲ್ಪ ಹೊತ್ತು ಸುಮ್ನಿದ್ದು, "ಮೂರು ದಿನ ಆಯ್ತವಾ, ಬಿಟ್ಟು" ಅಂದ್ರು. ನನಗ ಕೈಕಾಲು ತಣ್ಣಗಾದವು.

ಅವತ್ತೇ ಅಲ್ಲಿ ಡಾಕ್ಟರಿಗೆ ತೋರಿಸಿ ಗುಳಿಗಿ ಶುರು ಮಾಡಿದ್ರು. ಗುರುವಾರ ಅಣ್ಣಗ ಬೀದರಕ್ಕ ಕರಕೊಂಡು ಬರ್ಲತ್ತಾರ. ಮೊದಲು ನರದ ಡಾಕ್ಟರ್, ಆಮ್ಯಾಲ ವ್ಯಾಯಾಮ, ಅವರು ಹೂಂ ಅಂದ್ರ ಸೂಜಿ. ಅಕ್ಕ ಭಾಲ್ಕಿಯಿಂದ ರೈಲಿಗೆ ಬರ್ತೀನಿ ಅಂದಾಳ, ಅಣ್ಣಗ ಬೈಲಿಕ್ಕ.