ಮುಚ್ಚಿದ ಕಿಟಕಿ, ಸಣ್ಣ ಉರಿ

ನಮ್ಮ ಮನೆಯಲ್ಲಿ ಅದಕ್ಕೆ ‘ದೊಡ್ಡದು’ ಎಂದಷ್ಟೇ ಹೆಸರು. ಕೋಳಿ, ಕುರಿಗಳನ್ನು ಬಾಯ್ತುಂಬ ಹೆಸರಿಸುತ್ತಿದ್ದ ಅವ್ವ ಇದನ್ನು ಮಾತ್ರ ದನಿ ತಗ್ಗಿಸಿ ಹೇಳುತ್ತಿದ್ದಳು. ವರ್ಗವಾಗಿ ನಾಗಪುರಕ್ಕೆ ಬಂದ ಮೇಲೆ ಮೋಮಿನ್‌ಪುರದ ಕಡೆ ‘ಬಡೇ ಕಾ’ ಎಂಬ ಮಾತು ಕಿವಿಗೆ ಬಿದ್ದಾಗ ಅವ್ವನ ನೆನಪಾಯಿತು. ಭಾಷೆ ಬೇರೆ, ಅಳುಕು ಒಂದೇ.

ಮಹಾರಾಷ್ಟ್ರದ 1976ರ ಕಾಯಿದೆಗೆ ತಂದ ತಿದ್ದುಪಡಿಯೊಂದು 2015ರ ಮಾರ್ಚ್‌ನಲ್ಲಿ ಜಾರಿಗೆ ಬಂದು, ಹಸುವಿನ ಜೊತೆಗೆ ಹೋರಿ, ಎತ್ತುಗಳ ವಧೆಯನ್ನೂ ನಿಷೇಧಿಸಿತು. ಎಮ್ಮೆ, ಕೋಣಗಳು ಅದರ ಹೊರಗುಳಿದವು. ಹಾಗಾಗಿ ನಾನು ಕೊಳ್ಳುವುದು ಕೋಣದ ಮಾಂಸ. ಅದರಲ್ಲೂ ಇಂಗ್ಲಿಷಿನವರು ಬ್ರಿಸ್ಕೆಟ್ ಎನ್ನುವ ಎದೆಯ ಭಾಗ. ಈ ಪ್ರಾಣಿಗಳಿಗೆ ಕೊರಳೆಲುಬಿಲ್ಲ. ಮುಂಗಾಲುಗಳ ನಡುವೆ ಮೈಭಾರ ಹೊರುವುದು ಎದೆಯ ಸ್ನಾಯು. ಜೀವಮಾನವಿಡೀ ಭಾರ ಹೊತ್ತದ್ದು ಸುಲಭವಾಗಿ ಮೆತ್ತಗಾಗುವುದಿಲ್ಲ. ಅದರೊಳಗಿನ ಕೊಲಾಜನ್ ಕರಗಿ ಜೆಲಾಟಿನ್ ಆಗಲು ಸಣ್ಣ ಕಾವು ಬೇಕು, ಗಂಟೆಗಟ್ಟಲೆ ಬೇಕು.

ಅವ್ವ ಈ ಶಾಸ್ತ್ರ ಓದಿರಲಿಲ್ಲ. ರಾತ್ರಿ ಮಣ್ಣಿನ ಗಡಿಗೆಯನ್ನು ಒಲೆಯ ಮೇಲಿಟ್ಟು, ಸೌದೆ ಹಿಂದಕ್ಕೆಳೆದು, ಕೆಂಡದ ಮೇಲೆ ಬಿಟ್ಟು ಮಲಗುತ್ತಿದ್ದಳು. ಅಮೆರಿಕದಲ್ಲಿ ಇರ್ವಿಂಗ್ ನ್ಯಾಕ್ಸನ್ 1940ರಲ್ಲಿ ಪೇಟೆಂಟ್ ಪಡೆದ ಸ್ಲೋ ಕುಕ್ಕರಿಗೂ ಇಂಥದೇ ಮೂಲವಿದೆ. ಲಿಥುವೇನಿಯಾದ ಯಹೂದಿ ಅಜ್ಜಿಯೊಬ್ಬಳು ಸಬ್ಬತ್‌ನ ಊಟದ ಗಡಿಗೆಯನ್ನು ರೊಟ್ಟಿ ಅಂಗಡಿಯ ಆರುತ್ತಿರುವ ಒಲೆಯಲ್ಲಿಡುತ್ತಿದ್ದ ಕಥೆಯನ್ನು ಅವನು ತಾಯಿಯಿಂದ ಕೇಳಿದ್ದ.

ಆದರೂ ಇಷ್ಟು ವರ್ಷ ನಾನು ಬೇಯಿಸಿದ್ದು ಪ್ರೆಶರ್ ಕುಕ್ಕರಿನಲ್ಲಿ. ಮಾಂಸ ಬೆಂದರೂ ರಸ ಬತ್ತಿ ನಾರುನಾರಾಗುತ್ತಿತ್ತು. ಸಮಯ ಉಳಿಸಲೆಂದು ಹೇಳಿಕೊಳ್ಳುತ್ತಿದ್ದೆ. ನಿಜವಾಗಿ ಉಳಿಸುತ್ತಿದ್ದುದು ವಾಸನೆಯನ್ನು. ಕ್ವಾರ್ಟರ್ಸಿನ ಕಿಟಕಿ ಮುಚ್ಚಿ, ಸೀಟಿಗಳನ್ನು ಎಣಿಸಿ, ಯಾರಾದರೂ ಕೇಳಿದರೆ ‘ಮಟನ್’ ಎನ್ನುತ್ತಿದ್ದೆ. ಕಾಯಿದೆಗೆ ಇಲ್ಲದ ಆಕ್ಷೇಪಕ್ಕೆ ನಾನು ಹೆದರುತ್ತಿದ್ದೆ. 1956ರ ಅಕ್ಟೋಬರ್ 14ರಂದು ಬಾಬಾಸಾಹೇಬರು ಲಕ್ಷಾಂತರ ಜನರೊಡನೆ ಬೌದ್ಧಧರ್ಮ ಸ್ವೀಕರಿಸಿದ ದೀಕ್ಷಾಭೂಮಿಗೆ ಹೋಗಿ ತಲೆಬಾಗಿ ಬರುತ್ತಿದ್ದವನೂ ನಾನೇ.

ಕಳೆದ ಚಳಿಗಾಲದಲ್ಲಿ ಸ್ಲೋ ಕುಕ್ಕರ್ ಕೊಂಡೆ. ಒಂದು ಕಿಲೋ ಮಾಂಸವನ್ನು ಬಾಣಲೆಯಲ್ಲಿ ಕಂದುಬಣ್ಣ ಬರುವಂತೆ ಹುರಿದು, ಈರುಳ್ಳಿ, ಶುಂಠಿ, ಬೆಳ್ಳುಳ್ಳಿ, ಮೆಣಸು, ಲವಂಗ, ದನಿಯದ ಪುಡಿ ಬೆರೆಸಿದೆ. ನೀರು ಅರ್ಧ ಲೋಟ ಸಾಕು. ಮುಚ್ಚಳದೊಳಗಿನ ಹಬೆ ಹೊರಹೋಗುವುದು ಕಡಿಮೆ. ಸಣ್ಣ ಕಾವಿನಲ್ಲಿ ಒಂಬತ್ತು ಗಂಟೆ. ಇದಕ್ಕೆ ಸೀಟಿಯಿಲ್ಲ, ಆದರೆ ಪರಿಮಳ ರಾತ್ರಿಯಿಡೀ ಹರಡುತ್ತದೆ. ಎರಡು ಬಾರಿ ಎದ್ದು ಹೋಗಿ ಕಿಟಕಿಯ ಮುಂದೆ ನಿಂತೆ. ಮುಚ್ಚಲಿಲ್ಲ.

ಬೆಳಿಗ್ಗೆ ಪಕ್ಕದ ಮನೆಯವರು ಬಾಗಿಲಲ್ಲಿ ನಿಂತು ‘ಕಾಯ್ ಶಿಜತಯ್?’ ಎಂದರು. ಏನು ಬೇಯುತ್ತಿದೆ ಎಂಬ ಸಾಮಾನ್ಯ ಪ್ರಶ್ನೆ. ನಾನು ಬಾಯಿ ತೆರೆಯುವ ಮೊದಲೇ ಮಗಳು, ‘ಕೋಣದ ಮಾಂಸ ಕಾಕೂ, ನಮ್ಮಜ್ಜಿ ಮಾಡ್ತಿದ್ದ ಹಾಗೆ’ ಎಂದು ಮರಾಠಿಯಲ್ಲಿ ಹೇಳಿಬಿಟ್ಟಳು. ಅವರು ‘ಅಚ್ಛಾ’ ಎಂದು ನಕ್ಕು ಹೋದರು. ಆ ನಗೆಯ ಅರ್ಥ ನನಗಿನ್ನೂ ತಿಳಿದಿಲ್ಲ.

ಎಳೆಗೆ ಅಡ್ಡವಾಗಿ ಕೊಯ್ದು ಬಡಿಸಿದೆ. ಚಾಕುವಿನ ಭಾರಕ್ಕೇ ಮಾಂಸ ಬಿಟ್ಟುಕೊಂಡಿತು. ಮಗಳು ಮತ್ತೊಮ್ಮೆ ತಟ್ಟೆ ಚಾಚಿ, ‘ಅಪ್ಪ, ಇದಕ್ಕೆ ಅಜ್ಜಿ ಏನಂತಿದ್ರು?’ ಎಂದು ಕೇಳಿದಳು. ‘ದೊಡ್ಡದು’ ಎಂದೆ, ದನಿ ತಗ್ಗಿಸದೆ.