ಕಿವಿಗೊಟ್ಟ ಊರು

ಬೆಂಗಳೂರಿನಿಂದ ಹಿಂದೂಪುರದ ಕಡೆ ಹೋಗುವ ರೈಲಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತೆನ್ನಿ, ದೊಡ್ಡಬಳ್ಳಾಪುರ ದಾಟಿದ ಮೇಲೆ ದಯವಿಟ್ಟು ನಿದ್ದೆ ಮಾಡಬೇಡಿ. ಬಂಡೆ, ಬಯಲು, ಜೋಳದ ಹೊಲ, ಮತ್ತೆ ಬಂಡೆ. ಈ ಬಂಡೆಗಳನ್ನು ನೋಡುತ್ತ ಕೂರುವುದೇ ನನಗೊಂದು ಹಬ್ಬ. ಕೋಟಿ ಕೋಟಿ ವರ್ಷಗಳಿಂದ ಕದಲದೆ ಕೂತ ಇವುಗಳ ಮುಂದೆ ನಮ್ಮ ಅವಸರಕ್ಕೆಲ್ಲ ಏನು ಬೆಲೆ? ಹೀಗೆ ಯೋಚಿಸುತ್ತಿರುವಾಗಲೇ ಗೌರಿಬಿದನೂರು ಬಂದುಬಿಡುತ್ತದೆ.

ಇದು ಕಣ್ಣಿಗಿಂತ ಕಿವಿಗೆ ಸೇರಿದ ಊರು. ನಾನಂತೂ ಇದನ್ನು ಕಿವಿಯೂರು ಎಂದೇ ಕರೆಯುತ್ತೇನೆ. ಕಾರಣ ಆ ಬಂಡೆಗಳೇ. ನೆಲ ಇಷ್ಟು ಗಟ್ಟಿಯಾಗಿ, ಇಷ್ಟು ಸದ್ದಿಲ್ಲದೆ ಇರುವುದರಿಂದಲೇ 1965ರಲ್ಲಿ ಪರಮಾಣು ಶಕ್ತಿ ಇಲಾಖೆಯ ವಿಜ್ಞಾನಿಗಳು ಇಲ್ಲಿ ಭೂಕಂಪಮಾಪಕಗಳನ್ನು ಹೂಡಿದರು. ಒಂದಲ್ಲ, 20; ಎಲ್ ಅಕ್ಷರದ ಎರಡು ತೋಳುಗಳಂತೆ, ಹೊಲಗದ್ದೆಗಳ ನಡುವೆ ಮೈಲಿಗಟ್ಟಲೆ ಹರಡಿಕೊಂಡು. ಇಷ್ಟೊಂದು ಯಾಕೆ ಅನ್ನುತ್ತೀರಾ? ದೂರದಿಂದ ಬಂದ ಅದುರು ಒಂದೊಂದು ಮಾಪಕವನ್ನು ಒಂದೊಂದು ಕ್ಷಣ ಹಿಂದುಮುಂದಾಗಿ ಮುಟ್ಟುತ್ತದೆ. ಆ ಹಿಂದುಮುಂದನ್ನು ಲೆಕ್ಕ ಹಾಕಿದರೆ ಸದ್ದು ಯಾವ ದಿಕ್ಕಿನಿಂದ ಬಂತು ಎಂಬುದು ಸಿಗುತ್ತದೆ. 1998ರ ಮೇ 28ರಂದು ಪಾಕಿಸ್ತಾನದ ಚಾಗೈ ಬೆಟ್ಟದೊಳಗೆ ಅಣುಬಾಂಬು ಸಿಡಿದದ್ದು ಈ ನೆಲಕ್ಕೆ ಕೇಳಿಸಿತು. ಊರ ಸಂತೆಯಲ್ಲಿ ಹುಣಸೆಹಣ್ಣಿಗೆ ಚೌಕಾಸಿ ಮಾಡುವವರ ಕಾಲ ಕೆಳಗೇ ಲೋಕದ ದೊಡ್ಡ ದೊಡ್ಡ ಗುಟ್ಟುಗಳು ಹಾದುಹೋಗುತ್ತಿರುತ್ತವೆ!

ನೆಲಕ್ಕೆ ಕಿವಿಗೊಟ್ಟದ್ದು ಸಾಲದೆಂಬಂತೆ, ಆಕಾಶಕ್ಕೂ ಈ ಊರು ಕಿವಿಗೊಟ್ಟಿದೆ. 1976ರಿಂದ ಇಲ್ಲೊಂದು ರೇಡಿಯೊ ದೂರದರ್ಶಕವಿದೆ. ದೂರದರ್ಶಕವೆಂದರೆ ಗುಮ್ಮಟ, ಗಾಜು ಎಂದುಕೊಂಡವರಿಗೆ ಕಾಣುವುದು ಕಂಬ ಮತ್ತು ತಂತಿ, ಬಟ್ಟೆ ಒಣಹಾಕಲು ಯಾರೋ ಕಟ್ಟಿಟ್ಟ ಹಾಗೆ. ಡೈಪೋಲ್ ಎಂಬ 1000 ಆಂಟೆನಾಗಳು, ಪೂರ್ವ ಪಶ್ಚಿಮವಾಗಿ ಚಾಚಿದ ತೋಳೇ 1.4 ಕಿಲೋಮೀಟರ್. ಸೂರ್ಯನ ಗೊಣಗಾಟ, ಎಂದೋ ಸತ್ತ ನಕ್ಷತ್ರಗಳ ಉಳಿಕೆಯ ಗುಂಯ್‌ಗುಡುವಿಕೆ, ಎಲ್ಲ ಈ ತಂತಿಗಳಲ್ಲಿ ಇಳಿಯುತ್ತದೆ.

ಇಲ್ಲಿಂದ ಸ್ವಲ್ಪ ದೂರಕ್ಕೆ, ಉತ್ತರ ಪಿನಾಕಿನಿಯ ದಡಕ್ಕೆ ಹೋದರೆ ವಿದುರಾಶ್ವತ್ಥ. ವಿದುರ ನೆಟ್ಟ ಅರಳಿಯೆಂಬ ನಂಬಿಕೆ. ಆ ಹಳೆಯ ಮರ ಈಗಿಲ್ಲ. ನಾಗರಕಲ್ಲುಗಳು ಮಾತ್ರ ಲೆಕ್ಕವಿಲ್ಲದಷ್ಟು. ಹತ್ತಿರ ಕೂತು ಒಂದನ್ನೇ ನೋಡಿ: ಹೆಣೆದುಕೊಂಡ ಎರಡು ಮೈ, ಎದುರುಬದುರು ಹೆಡೆ, ಮಡಿಕೆಗಳ ಸಂದಿನಲ್ಲಿ ಗಟ್ಟಿಯಾದ ಅರಿಶಿನ, ಕುಂಕುಮ. ಹಾವಿಗೆ ಹೊರಗಿವಿಯಿಲ್ಲ, ನೆಲದ ಅದುರನ್ನು ಅದು ದವಡೆಯಿಂದ ಗ್ರಹಿಸುತ್ತದೆ. ಮಾಪಕಗಳು ಬರುವುದಕ್ಕೆ ಎಷ್ಟೋ ಮೊದಲೇ ನೆಲಕ್ಕೆ ಕಿವಿಗೊಟ್ಟವರನ್ನು ಈ ಸೀಮೆಯ ಜನ ಸಾಲಾಗಿ ಕೂರಿಸಿ ಪೂಜೆ ಮಾಡಿದ್ದಾರೆ ಎಂದುಕೊಂಡಾಗ ನನಗೆ ಎಲ್ಲಿಲ್ಲದ ಖುಷಿ.

ಆದರೆ ಇದೇ ನೆಲದಲ್ಲಿ ಒಮ್ಮೆ ಮನುಷ್ಯರ ದನಿ ಕೇಳಬೇಕಾದವರಿಗೆ ಕೇಳಿಸಲಿಲ್ಲ. 1938ರ ಏಪ್ರಿಲ್‌ನಲ್ಲಿ ಮಂಡ್ಯ ಸೀಮೆಯ ಶಿವಪುರದಲ್ಲಿ ನಿಷೇಧ ಮೀರಿ ರಾಷ್ಟ್ರಧ್ವಜ ಏರಿದ ಎರಡೇ ವಾರಕ್ಕೆ, 25ನೇ ತಾರೀಕು, ಇಲ್ಲಿ ಧ್ವಜ ಸತ್ಯಾಗ್ರಹಕ್ಕೆ ಸೇರಿದ ಜನರ ಮೇಲೆ ಮೈಸೂರು ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದರು. ಸರ್ಕಾರಿ ಲೆಕ್ಕದಲ್ಲಿ ಸತ್ತವರು 10. ಜನರ ಲೆಕ್ಕ 30ನ್ನು ದಾಟುತ್ತದೆ. ಆ ಗುಂಡಿನ ಸದ್ದು ಗಾಂಧೀಜಿ ನೆಲೆಸಿದ್ದ ವಾರ್ಧಾದವರೆಗೂ ಮುಟ್ಟಿತು. ಸರ್ದಾರ್ ಪಟೇಲರು ಬಂದರು, ದಿವಾನ್ ಮಿರ್ಜಾ ಇಸ್ಮಾಯಿಲ್ ಜೊತೆ ಮಾತಾಯಿತು, ರಾಷ್ಟ್ರಧ್ವಜ ಹಾರಿಸಲು ಒಪ್ಪಿಗೆ ಸಿಕ್ಕಿತು. ಅಷ್ಟು ಜೀವ ಹೋದ ಮೇಲೆ ಕಿವಿ ತೆರೆದದ್ದನ್ನು ನೆನೆದರೆ ಇಂದಿಗೂ ಹೊಟ್ಟೆ ಉರಿಯುತ್ತದೆ.

ಇದೇ ತಾಲ್ಲೂಕಿನ ಹೊಸೂರಿನಿಂದ ಓದಿನ ಆಸೆಗೆ ಬೆಂಗಳೂರಿಗೆ ನಡೆದೇ ಹೋದ ಹುಡುಗ ಎಚ್. ನರಸಿಂಹಯ್ಯ ಮುಂದೆ ಭೌತವಿಜ್ಞಾನಿಯಾದರು, ಕುಲಪತಿಯಾದರು, ಆತ್ಮಕಥೆಗೆ ‘ಹೋರಾಟದ ಹಾದಿ’ ಎಂದು ಹೆಸರಿಟ್ಟರು. ಈ ಊರಿನವರಿಗೆ ಇನ್ನೆಂಥ ಹೆಸರು ಹೊಳೆದೀತು?

ನಂದಿಬೆಟ್ಟದಲ್ಲಿ ಮೋಡ ನೋಡಿ ಹಾಗೇ ಹಿಂತಿರುಗುವವರೇ, ಆ ಬೆಟ್ಟಗಳ ಸೀಮೆಯಲ್ಲೇ ಹುಟ್ಟುವ ಪಿನಾಕಿನಿಯ ಜಾಡು ಹಿಡಿದು ಒಂದು ಭಾನುವಾರ ಇತ್ತ ಬನ್ನಿ. ವಿದುರಾಶ್ವತ್ಥದ ವೀರಸೌಧದಲ್ಲಿ ಸ್ವಾತಂತ್ರ್ಯ ಹೋರಾಟದ ಚಿತ್ರಗಳಿವೆ. ಮಕ್ಕಳನ್ನೂ ಕರೆತನ್ನಿ, ಆತುರಪಡದೆ ತೋರಿಸಿ.