ನಿದ್ದೆಯ ಸೀಸೆ

"ನೀವು ಯಾರ ಮನೆಯವರಮ್ಮ?" ಕೊನೆಯ ದಿನಗಳಲ್ಲಿ ಅಮ್ಮ ನನ್ನನ್ನೇ ಕೇಳಿದ್ದಳು. ಅಲ್ಜೈಮರ್ ಕಾಯಿಲೆ ಅವಳ ನೆನಪುಗಳನ್ನೆಲ್ಲ ಅಳಿಸಿಹಾಕಿತ್ತು. ಐವತ್ತು ದಾಟಿದ ಮೇಲೆ ಆ ಪ್ರಶ್ನೆಯೇ ನನ್ನ ನಿದ್ದೆಗೆಡಿಸತೊಡಗಿತು. ಒಂದೇ ಇರುಳು ನಿದ್ದೆಗೆಟ್ಟವರ ಮಿದುಳಿನಲ್ಲಿ ಆ ಕಾಯಿಲೆಗೆ ಸಂಬಂಧಿಸಿದ ಬೀಟಾ ಅಮೈಲಾಯ್ಡ್ ಹೆಚ್ಚಿದುದು 2018ರ ಅಧ್ಯಯನವೊಂದರಲ್ಲಿ ಕಂಡುಬಂದಿತೆಂದು ಓದಿದಾಗ ಭಯ ಇಮ್ಮಡಿಸಿತು.

ಗೆಳತಿಯೊಬ್ಬಳು ಸಿಬಿಡಿ ಎಣ್ಣೆಯ ಸೀಸೆ ತಂದಿತ್ತಳು. "ಭಂಗಿಯ ಜಾತಿಯ ಗಿಡದ್ದೇ, ಅಮಲಿಲ್ಲ" ಎಂದಳು. ಆಸೆಯಾಯಿತು. ಆದರೆ ರಕ್ತ ಹೆಪ್ಪುಗಟ್ಟದಿರಲು ನಾನು ವಾರ್ಫರಿನ್ ಸೇವಿಸುವವಳು, ವೈದ್ಯರನ್ನು ಕೇಳಿದೆ.

"ಸಿಬಿಡಿ ವಾರ್ಫರಿನ್ನಿನ ಪರಿಣಾಮವನ್ನು ಹೆಚ್ಚಿಸಿ ರಕ್ತಸ್ರಾವಕ್ಕೆ ಎಡೆಮಾಡಬಹುದು, ಯಕೃತ್ತಿಗೂ ಹಾನಿಯಾಗಬಹುದು" ಎಂದರು ಅವರು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2018ರಲ್ಲಿ ಸಿಬಿಡಿ ಔಷಧಕ್ಕೆ ಒಪ್ಪಿಗೆಯಿತ್ತದ್ದು ಅಪರೂಪದ ಎರಡು ಬಗೆಯ ಮೂರ್ಛೆರೋಗಗಳಿಗಾಗಿ. ನಿದ್ದೆಗಾಗಲಿ ಮರೆವಿಗಾಗಲಿ ಅಲ್ಲ. ಬಳಿಕ ಅವರು ಕೇಳಿದರು: "ಗೊರಕೆಯುಂಟೇ?"

ಪರೀಕ್ಷೆಯಲ್ಲಿ, ನಿದ್ದೆಯ ನಡುವೆ ನನ್ನ ಉಸಿರು ಪದೇ ಪದೇ ನಿಲ್ಲುವುದು ತಿಳಿದುಬಂತು. ಈಗ ರಾತ್ರಿ ಗಾಳಿಯೂದುವ ಯಂತ್ರದ ಕೊಳವೆ ಮೂಗಿಗೇರುತ್ತದೆ. ಅಮ್ಮನಿದ್ದಿದ್ದರೆ "ಗಣಪತಿಯ ಸೊಂಡಿಲು!" ಎಂದು ನಗುತ್ತಿದ್ದಳು. ಭಯ ಪೂರ್ತಿ ಹೋಗಿಲ್ಲ. ನಿದ್ದೆ ಮಾತ್ರ ಬರುತ್ತಿದೆ.

ಸೋದರಿಯರೇ, ಇಂಥ ಸೀಸೆ ನಿಮ್ಮ ಕಪಾಟಿನಲ್ಲೂ ಇದ್ದರೆ ವೈದ್ಯರಿಂದ ಬಚ್ಚಿಡಬೇಡಿ.